ಮನೆ ಮುಂದಿನ ರಸ್ತೆ ಎಲ್ಲಿಗೆ ಹೋಗುತ್ತದೆ?

ಸೈಟು ನೋಡಲು ಹೊರಟಾಗ ನಾವು ಹೆಂಗಸರು ಏನೇನು ಕೇಳುತ್ತೇವೆ, ಸ್ವಲ್ಪ ನೆನಪು ಮಾಡಿಕೊಳ್ಳಿ. ನೀರು ಹೇಗೆ, ನಲ್ಲಿಯೋ ಬೋರೋ? ಬಾಗಿಲು ಪೂರ್ವಕ್ಕೆ ಬರುತ್ತದೆಯೋ ಉತ್ತರಕ್ಕೋ? ಎದುರಿಗೆ ರಸ್ತೆ ಕುತ್ತು ಇಲ್ಲ ತಾನೆ? ಅಕ್ಕಪಕ್ಕ ಎಂಥ ಜನ ಬರುತ್ತಾರೆ? ಗಂಡಸರು ಖಾತೆ, ಕ್ರಯಪತ್ರ, ಬ್ಯಾಂಕಿನ ಬಡ್ಡಿ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ರಸ್ತೆಯ ವಿಷಯಕ್ಕೆ ಬಂದರೆ ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟು ಅಡಿ ರೋಡು?" 30 ಅಡಿ ಅಂದರೆ ಸಮಾಧಾನ, 40 ಅಡಿ ಅಂದರೆ ಸಂತೋಷ.

ಆ ರಸ್ತೆ ಮುಂದೆ ಹೋಗಿ ಎಲ್ಲಿ ಸೇರುತ್ತದೆ ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ. ಆದರೆ ಗೃಹಪ್ರವೇಶದ ತೋರಣ ಒಣಗುವ ಮೊದಲೇ ಮನೆಯಾಕೆಯ ಕಾಲಿಗೆ ತಗಲಿಕೊಳ್ಳುವ ಪ್ರಶ್ನೆ ಅದೇ. ಹಾಲಿಗೆ, ಸೊಪ್ಪಿಗೆ, ಮಗುವಿನ ಶಾಲೆಗೆ, ಅತ್ತೆಯವರ ದೇವಸ್ಥಾನಕ್ಕೆ, ಬಸ್ ಸ್ಟಾಪಿಗೆ ದಿನಾ ನಡೆಯುವವರು ನಾವು ತಾನೆ?

ಊರು ಬೆಳೆದ ಬಗೆ

ನಾನಿರುವುದು ದಾವಣಗೆರೆಯಲ್ಲಿ. ಬೆಣ್ಣೆ ದೋಸೆಯಿಂದ ನಿಮಗೆಲ್ಲ ಪರಿಚಯದ ಊರೇ. ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತ್ತು. ಗಿರಣಿಗಳ ಸದ್ದು ಅಡಗಿತು, ಕಾಲೇಜು ಆಸ್ಪತ್ರೆಗಳು ಎದ್ದವು. 1997ರಲ್ಲಿ ಜಿಲ್ಲಾ ಕೇಂದ್ರವಾಯಿತು, 2007ರಲ್ಲಿ ಮಹಾನಗರ ಪಾಲಿಕೆಯಾಯಿತು, 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಗೂ ಸೇರಿತು. 2001ರ ಜನಗಣತಿಯಲ್ಲಿ ಸುಮಾರು 3 ಲಕ್ಷ 64 ಸಾವಿರವಿದ್ದ ಜನ 2011ಕ್ಕೆ 4 ಲಕ್ಷ 35 ಸಾವಿರದ ಹತ್ತಿರ ಬಂದರು. ಶಾಮನೂರು, ನಿಟುವಳ್ಳಿ, ಆವರಗೆರೆ ಎಲ್ಲ ಹಿಂದೆ ಬೇರೆ ಬೇರೆ ಹಳ್ಳಿಗಳು. ಈಗ ಊರು ಎಲ್ಲಿ ಮುಗಿಯಿತು, ಹಳ್ಳಿ ಎಲ್ಲಿ ಶುರುವಾಯಿತು ಅಂತ ಆಟೋದವರಿಗೂ ಹೇಳಲು ಬರುವುದಿಲ್ಲ. ಭದ್ರಾ ನಾಲೆಯ ನೀರು ಕುಡಿದು ಭತ್ತ ಬೆಳೆಯುತ್ತಿದ್ದ ಎಷ್ಟೋ ಗದ್ದೆಗಳಲ್ಲಿ ಕಲ್ಲು ನೆಟ್ಟು, ಬಣ್ಣ ಬಳಿದು, ನಂಬರು ಬರೆದಾಗಿದೆ.

ಇಷ್ಟರಲ್ಲಿ ಈ ಊರು ಮೂರು ಥರದ ಬೀದಿಗಳನ್ನು ಕಂಡಿದೆ.

ಮೊದಲನೆಯದು ಹಳೆಯ ಪೇಟೆ. ಮಂಡಿಪೇಟೆ, ಚೌಕಿಪೇಟೆ ಕಡೆ ಹೋದರೆ ಬೀದಿಗಳು ಇಕ್ಕಟ್ಟು, ವಕ್ರ, ಗಲಾಟೆ. ಆದರೆ ಒಂದು ಗುಣ ಮೆಚ್ಚಬೇಕು. ಒಂದು ಸಂದಿಯಲ್ಲಿ ಲಾರಿ ನಿಂತು ಮೂಟೆ ಇಳಿಸುತ್ತಿದ್ದರೆ ಪಕ್ಕದ ಸಂದಿಯಿಂದ ಹೊರಗೆ ಬೀಳಬಹುದು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಆದಾಗ ನೋಡಬೇಕು, ಅಷ್ಟು ಜನ ಎಲ್ಲಿಂದ ಬಂದರು, ಎಲ್ಲಿಂದ ಕರಗಿ ಹೋದರು ಅನ್ನುವುದೇ ಗೊತ್ತಾಗುವುದಿಲ್ಲ.

ಎರಡನೆಯದು ಪಿ.ಜೆ. ಬಡಾವಣೆ, ಎಂ.ಸಿ.ಸಿ. ಬ್ಲಾಕುಗಳಂಥ ಕಡೆ. ಮೇನು, ಕ್ರಾಸು, ಮೇನು, ಕ್ರಾಸು. ಚೌಕಳಿ ಸೀರೆಯ ಹಾಗೆ. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು, ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಹುಟ್ಟಿ ಬಡಾವಣೆಗಳನ್ನು ಹಾಕಿಸಿದ್ದು ನೀವು ಕೇಳಿರಬಹುದು. ಗಾಳಿ ಬೆಳಕಿಗಾಗಿ ನೇರ ಬೀದಿ ಹಾಕುವ ಆ ಪದ್ಧತಿಯೇ ಮುಂದೆ ನಮ್ಮ ಚಿಕ್ಕ ಊರುಗಳಿಗೂ ಬಂತು. ಇಲ್ಲಿ ದಾರಿ ತಪ್ಪಿದರೂ ನಷ್ಟವಿಲ್ಲ. ಮುಂದಿನ ಕ್ರಾಸಿನಲ್ಲಿ ತಿರುಗಿದರೆ ಆಯಿತು.

ಮೂರನೆಯದು ಊರಂಚಿನ ಹೊಸ ಬಡಾವಣೆಗಳು. ಬಾಚಣಿಗೆ ನೋಡಿದ್ದೀರಲ್ಲ? ಹಲ್ಲುಗಳೆಲ್ಲ ಒಂದೇ ಬೆನ್ನಿಗೆ ಅಂಟಿಕೊಂಡಿರುತ್ತವೆ. ಒಂದು ಹಲ್ಲಿನ ತುದಿಯಿಂದ ಪಕ್ಕದ ಹಲ್ಲಿನ ತುದಿಗೆ ಹೋಗಬೇಕಾದರೆ ಬೆನ್ನಿಗೇ ಬಂದು ಮತ್ತೆ ಹೋಗಬೇಕು. ಈಗಿನ ಬಡಾವಣೆಗಳು ಹಾಗಿವೆ. ದೊಡ್ಡ ರಸ್ತೆಗೆ ಒಂದು ಕಮಾನು, ಒಳಗೆ ಅಚ್ಚುಕಟ್ಟಾದ ರಸ್ತೆ, ತುದಿಯಲ್ಲಿ ಗೋಡೆ. ಗೋಡೆಯ ಆಚೆ ಇನ್ನೊಂದು ಬಡಾವಣೆ, ಅದಕ್ಕೊಂದು ಬೇರೆ ಕಮಾನು.

ಒಂದು ಸೈಟಿನ ಲೆಕ್ಕ

ಹೀಗೆ ಯಾಕಾಯಿತು? ಬಡಾವಣೆ ಮಾಡುವವರೆಲ್ಲ ಕೆಟ್ಟವರು ಅಂತಲ್ಲ. ಒಬ್ಬರ ಹೊಲ ನಾಲ್ಕು ಎಕರೆ, ಪಕ್ಕದವರದು ಮೂರು. ಒಂದು ಈ ವರ್ಷ ಭೂಪರಿವರ್ತನೆ ಆಗುತ್ತದೆ, ಇನ್ನೊಂದು ಹತ್ತು ವರ್ಷ ಬಿಟ್ಟು. ಒಂದೊಂದು ಸರ್ವೆ ನಂಬರೂ ಒಂದೊಂದು ದ್ವೀಪ. ತನ್ನ ಹೊಲದ ಬದುವಿನ ಆಚೆ ಏನಾಗುತ್ತದೆ ಅನ್ನುವುದು ಯಾರಿಗೂ ಬೇಕಿಲ್ಲ.

ಇನ್ನೊಂದು ಕಾರಣವಿದೆ, ಅದನ್ನು ನೀವೇ ಪೆನ್ಸಿಲ್ ಹಿಡಿದು ಲೆಕ್ಕ ಹಾಕಬಹುದು. 30 ಅಡಿ ರಸ್ತೆಯನ್ನು ಜಮೀನಿನ ಗಡಿಯವರೆಗೆ ಒಯ್ಯದೆ 40 ಅಡಿ ಹಿಂದೆಯೇ ನಿಲ್ಲಿಸಿದರೆ ಉಳಿಯುವ ಜಾಗ ಎಷ್ಟು? 30ಕ್ಕೆ 40. ಸರಿಯಾಗಿ ಒಂದು ಸೈಟು! ರಸ್ತೆಯನ್ನು ಪಕ್ಕದ ಹೊಲಕ್ಕೆ ಮುಟ್ಟಿಸಿ ಬಿಟ್ಟರೆ ಮುಂದೆಂದೋ ಅದು ಪಕ್ಕದ ಬಡಾವಣೆಯ ರಸ್ತೆಗೆ ಸೇರಿಕೊಳ್ಳುತ್ತಿತ್ತು. ಮುಟ್ಟಿಸದಿದ್ದರೆ 1,200 ಚದರ ಅಡಿಯ ದುಡ್ಡು ಇವತ್ತೇ ಕೈಗೆ ಬರುತ್ತದೆ. ಕೊಳ್ಳುವವರು ಬಾಯಿ ಬಿಟ್ಟು ಕೇಳದ ಮೇಲೆ ಮಾರುವವರು ಯಾಕೆ ಬಿಡುತ್ತಾರೆ, ಹೇಳಿ.

ಆ ಒಂದು ಸೈಟಿನ ಲಾಭ ಒಬ್ಬರಿಗೆ ಒಂದು ಸಲ. ಅದರ ಸುತ್ತಾಟ ಮಾತ್ರ ನೂರಾರು ಮನೆಗಳಿಗೆ ದಿನಾ. ಮನೆಯನ್ನಾದರೆ ನಮ್ಮ ಮಕ್ಕಳು ಕೆಡವಿ ಹೊಸದು ಕಟ್ಟಬಹುದು. ರಸ್ತೆ ಹಾಗಲ್ಲ, ಒಮ್ಮೆ ಬಿದ್ದ ಗೆರೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ.

ಯಾರ ಕಾಲಿಗೆ ಎಷ್ಟು?

ನಮ್ಮ ಕಡೆಯದೇ ಉದಾಹರಣೆ. ನಮ್ಮ ಹಿಂದಿನ ಸಾಲಿನ ಮನೆಗಳ ಮಾಳಿಗೆ ಹತ್ತಿದರೆ ಪಕ್ಕದ ಬಡಾವಣೆಯ ಅಂಗನವಾಡಿ ಕಾಣುತ್ತದೆ. ಮಕ್ಕಳು ಹಾಡು ಹೇಳುವುದು ಕೇಳಿಸುತ್ತದೆ. ನೇರ ಹೋದರೆ 150 ಮೀಟರು. ರಸ್ತೆಯ ಮೇಲೆ ಹೋಗಬೇಕಾದರೆ ನಮ್ಮ ಕಮಾನಿನವರೆಗೆ 400, ದೊಡ್ಡ ರಸ್ತೆಯ ಮೇಲೆ 300, ಅವರ ಕಮಾನಿನಿಂದ ಒಳಕ್ಕೆ ಮತ್ತೆ 400. ಒಟ್ಟು 1,100 ಮೀಟರು. ತಾಯಿಯಾದವಳು ಮಗುವನ್ನು ಬಿಟ್ಟು ಬರಬೇಕು, ಮತ್ತೆ ಹೋಗಿ ಕರೆತರಬೇಕು. ನಾಲ್ಕು ಸಲ ಅಂದರೆ 4 ಕಿಲೋಮೀಟರು 400 ಮೀಟರು. ದಾರಿ ಇದ್ದಿದ್ದರೆ 600 ಮೀಟರಿನಲ್ಲಿ ಮುಗಿಯುತ್ತಿತ್ತು. ಅದೂ ಲಾರಿ, ಟಿಪ್ಪರು ಓಡುವ ರಸ್ತೆಯ ಅಂಚಿನಲ್ಲಿ ಮಗುವಿನ ಕೈ ಹಿಡಿದುಕೊಂಡು.

"ಒಂದು ಸ್ಕೂಟರ್ ತಗೊಳ್ರೀ" ಅಂತ ಸುಲಭವಾಗಿ ಹೇಳುತ್ತಾರೆ. ತಗೊಂಡವರು ತಗೊಂಡಿದ್ದಾರೆ. ಕೊತ್ತಂಬರಿ ಸೊಪ್ಪಿಗೂ ಪೆಟ್ರೋಲು ಸುಡುವ ಕಾಲ. ಸ್ಕೂಟರು ಓಡಿಸಲು ಬಾರದ ಅತ್ತೆ, ಸೈಕಲ್ ಮೇಲೆ ದೊಡ್ಡ ರಸ್ತೆಗೆ ಇಳಿಯಲು ಹೆದರುವ ಮಗಳು, ಅವರ ಪಾಡೇನು? ಅವರು ಮನೆಯಲ್ಲೇ ಉಳಿಯುತ್ತಾರೆ. ಹೊಸ ಬಡಾವಣೆಗೆ ಬಂದ ಮೇಲೆ "ಅತ್ತೆ ಮಂಕಾಗಿದ್ದಾರೆ" ಅಂತ ಎಷ್ಟು ಸೊಸೆಯಂದಿರು ಹೇಳುವುದನ್ನು ಕೇಳಿಲ್ಲ! ಪೇಟೆ ಮನೆಯಲ್ಲಿದ್ದಾಗ ದಿನಕ್ಕೆ ಮೂರು ಸಲ ಹೊರಗೆ ಹೋಗಿ ನಾಲ್ಕು ಮನೆಯ ಸುದ್ದಿ ತರುತ್ತಿದ್ದವರು ಅವರು.

ಬಸ್ಸಿನ ಮಾತಿಗೆ ಬನ್ನಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ಕಾಸಿಲ್ಲ. ಒಳ್ಳೆಯದೇ. ಆದರೆ ಬಸ್ಸು ನಮ್ಮ ಬಡಾವಣೆಯೊಳಗೆ ಬರುವುದಿಲ್ಲ, ಬರಲಾರದು. ಬಸ್ಸಿಗೆ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುವ ದಾರಿ ಬೇಕು. ಮುಚ್ಚಿದ ತುದಿಯಲ್ಲಿ ತಿರುಗಲು ಜಾಗವೆಲ್ಲಿ? ಕಸದ ಗಾಡಿ, ಗ್ಯಾಸಿನ ಗಾಡಿ ಕೂಡ ಪ್ರತಿ ಬೀದಿಗೂ ಹೋಗಿ ಹಿಂದೆ ಹಿಂದೆ ಬರುತ್ತವೆ. ಕೊನೆಯ ಮನೆಗಳಿಗೆ ಬರುವಷ್ಟರಲ್ಲಿ ಡ್ರೈವರಿಗೂ ಬೇಸರ. ಆಂಬುಲೆನ್ಸಿನ ಮಾತು ನಾನು ಆಡುವುದಿಲ್ಲ, ನೀವೇ ಯೋಚಿಸಿ. ಇರುವ ಒಂದೇ ದಾರಿಯಲ್ಲಿ ಯಾರೋ ಶಾಮಿಯಾನ ಹಾಕಿದ್ದರೆ?

ರೈಲು ಹಳಿ ಊರನ್ನು ಸೀಳಿದ್ದರಿಂದ ಅಶೋಕ ಟಾಕೀಸಿನ ಬಳಿಯ ಗೇಟಿನಲ್ಲಿ ಎಷ್ಟೋ ವರ್ಷ ಬಿಸಿಲಲ್ಲಿ ನಿಂತ ನಮಗೆ ಒಂದು ದಾರಿ ಕಟ್ಟಾದರೆ ಏನಾಗುತ್ತದೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ರೈಲಾದರೆ ಹೋದ ಮೇಲೆ ಗೇಟು ತೆಗೆಯುತ್ತಿತ್ತು. ಗೋಡೆ ತೆಗೆಯುವುದಿಲ್ಲ.

ಗೋಡೆ ಕಟ್ಟಿದವರ ಮಾತೂ ಕೇಳೋಣ

ನಮ್ಮ ಬಡಾವಣೆಗೂ ಪಕ್ಕದ ಬಡಾವಣೆಗೂ ನಡುವೆ ಮೊದಲು ಕಾಂಪೌಂಡು ಬಿದ್ದು ಒಂದು ಕಿಂಡಿಯಾಗಿತ್ತು. ಯಾರೂ ಮಾಡಿದ್ದಲ್ಲ, ಕಾಲೇ ಮಾಡಿಕೊಂಡ ದಾರಿ. ಶಾಲೆ ಮಕ್ಕಳು, ಹೂವಿನವಳು, ಮನೆಗೆಲಸದವರು ಎಲ್ಲ ಅದರಲ್ಲೇ ಓಡಾಡುತ್ತಿದ್ದರು. ಒಂದು ಸಂಜೆ ಹಿರಿಯರೊಬ್ಬರ ಕೊರಳಿನ ಎರಡೆಳೆ ಸರ ಕಿತ್ತುಕೊಂಡ ಬೈಕಿನವರು ಆ ಕಿಂಡಿಯಿಂದಲೇ ಪಾರಾದರು. ಒಂದೇ ವಾರದಲ್ಲಿ ಏಳಡಿ ಗೋಡೆ ಎದ್ದಿತು, ಮೇಲೆ ಗಾಜಿನ ಚೂರು. ಗೋಡೆಗೆ ಹಣ ಕೊಟ್ಟವರಲ್ಲಿ ಹೆಂಗಸರೇ ಹೆಚ್ಚು. ಅವರನ್ನು ನಾನು ಹಳಿಯಲಾರೆ. ಗಂಡ ಪರಊರಿನಲ್ಲಿ, ಮಕ್ಕಳು ಹಾಸ್ಟೆಲ್ಲಿನಲ್ಲಿ, ಒಬ್ಬಳೇ ಮನೆಯಲ್ಲಿ ಇರುವವಳ ಭಯ ಸುಳ್ಳಲ್ಲ.

ಆದರೆ ಗೋಡೆಯಿಂದ ಆದದ್ದೇನು? ಬೈಕಿನ ಕಳ್ಳನಿಗೆ ಕಮಾನಿನಿಂದ ಹೋಗಲು ಎರಡು ನಿಮಿಷ. ತೊಂದರೆಯಾದದ್ದು ನಡೆಯುವವರಿಗೆ. ನಾಲ್ಕು ಮನೆಯಲ್ಲಿ ಪಾತ್ರೆ ಬಟ್ಟೆ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳು ನನಗೆ ಹೇಳಿದಳು, "ಗ್ವಾಡೆ ಕಟ್ಟಿದ್ಮೇಲೆ ಒಂದ್ ಮನೆ ಬಿಟ್ಬಿಟ್ಟೆ ಅಕ್ಕ. ಸುತ್ತಾಕ್ಕೊಂಡ್ ಬರೋದ್ರೊಳಗೆ ಟೈಮ್ ಆಗೋಗುತ್ತೆ, ಅವ್ರು ಬೈತಾರೆ." ಆ ಒಂದು ಮನೆಯ ಸಂಬಳ ಅವಳ ಮಗಳ ಟ್ಯೂಷನ್ನಿಗೆ ಹೋಗುತ್ತಿತ್ತಂತೆ. ಇನ್ನು ಗೋಡೆಯ ಬುಡ? ಯಾರೂ ಓಡಾಡದ ಮೂಲೆ ಏನಾಗುತ್ತದೋ ಅದೇ ಆಯಿತು. ಕಸ ಬಿತ್ತು, ರಾತ್ರಿ ಬಾಟಲಿಗಳು ಉರುಳಿದವು. ಓಡಾಟವಿದ್ದಾಗ ಯಾರಾದರೊಬ್ಬರ ಕಣ್ಣು ಅಲ್ಲಿರುತ್ತಿತ್ತು. ಹಿಂದೆ ನಮ್ಮ ಮನೆಗಳಿಗೆ ಜಗಲಿ ಯಾಕಿತ್ತು ಅಂತ ಈಗ ಅರ್ಥವಾಗುತ್ತದೆ.

ಇದೇ ಮಾತನ್ನು ಅಮೆರಿಕದಲ್ಲಿ ಜೇನ್ ಜೇಕಬ್ಸ್ ಎಂಬಾಕೆ 1961ರಲ್ಲಿ ಒಂದು ಪುಸ್ತಕ ಬರೆದು ಹೇಳಿದ್ದಾಳೆ. ಆಕೆ ನಗರ ಯೋಜನೆಯ ಪದವಿ ಪಡೆದವಳಲ್ಲ. ಪತ್ರಿಕೆಗಳಿಗೆ ಬರೆಯುತ್ತಿದ್ದವಳು, ಮೂರು ಮಕ್ಕಳ ತಾಯಿ. ಬೀದಿಗಳು ಚಿಕ್ಕ ಚಿಕ್ಕದಾಗಿ, ಪದೇ ಪದೇ ತಿರುವು ಸಿಗುವಂತೆ ಇದ್ದರೆ ಜನ ಓಡಾಡುತ್ತಾರೆ, ಅಂಗಡಿ ನಡೆಯುತ್ತವೆ, ಬೀದಿಗೆ ಕಾವಲು ತಾನಾಗಿ ಸಿಗುತ್ತದೆ ಅನ್ನುವುದು ಆಕೆಯ ವಾದ. ನ್ಯೂಯಾರ್ಕಿನ ವಾಷಿಂಗ್ಟನ್ ಚೌಕದ ಉದ್ಯಾನದ ನಡುವೆ ರಸ್ತೆ ಹಾಯಿಸಲು ಹೊರಟಾಗ ನೆರೆಯ ಹೆಂಗಸರ ಜೊತೆ ಸೇರಿ ಅದನ್ನು ನಿಲ್ಲಿಸಿದವರಲ್ಲಿ ಆಕೆಯೂ ಒಬ್ಬಳು. ದೊಡ್ಡ ದೊಡ್ಡ ಇಂಜಿನಿಯರುಗಳು ಮೊದಲು ನಕ್ಕರು, ಆಮೇಲೆ ಓದಿದರು.

ನನ್ನ ಅಣ್ಣನ ಮಗ ಸಿವಿಲ್ ಓದುತ್ತಿದ್ದಾನೆ. "ಅತ್ತೆ, ಮುಚ್ಚಿದ ರಸ್ತೆಯನ್ನೂ ಅಮೆರಿಕದಲ್ಲಿ ಹಾಕಿದ್ದಾರೆ" ಅಂದ. 1929ರಲ್ಲಿ ನ್ಯೂಜೆರ್ಸಿಯ ರ್‍ಯಾಡ್‌ಬರ್ನ್ ಎಂಬಲ್ಲಿ ಮೋಟಾರು ಕಾರಿನ ಕಾಟ ತಪ್ಪಿಸಲು ತುದಿ ಮುಚ್ಚಿದ ರಸ್ತೆಗಳನ್ನು ಹಾಕಿದರಂತೆ. ಕೇಳಿ ನನಗೂ ಆಶ್ಚರ್ಯವಾಯಿತು. ಆದರೆ ಅಲ್ಲಿ ಕಾರಿಗೆ ಮಾತ್ರ ಮುಚ್ಚಿತ್ತು. ನಡೆಯುವವರಿಗೆ ಮನೆಗಳ ಇನ್ನೊಂದು ಬದಿಯಿಂದ ಉದ್ಯಾನದೊಳಗೆ ಬೇರೆಯೇ ದಾರಿ, ದೊಡ್ಡ ರಸ್ತೆ ದಾಟಲು ಅದರ ಕೆಳಗೆ ಕಿರುದಾರಿ, ಎಲ್ಲ ಇತ್ತು. ಆಮೇಲೆ ನಕಲು ಮಾಡಿದವರು ಮುಚ್ಚಿದ ತುದಿಯನ್ನು ಇಟ್ಟುಕೊಂಡರು, ಕಾಲುದಾರಿಯನ್ನು ಕೈಬಿಟ್ಟರು. ಒಗ್ಗರಣೆ ಬಿಟ್ಟು ಸಾರು ಕಲಿತ ಹಾಗೆ! 1975ರಿಂದ ಈಚೆಗೆ ಜಗತ್ತಿನ ಊರುಗಳ ರಸ್ತೆ ಹೇಗೆ ಬೆಳೆದವು ಅಂತ ಅಳೆದು ನೋಡಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಬಹಳ ದೇಶಗಳಲ್ಲಿ ಹೊಸ ರಸ್ತೆಗಳು ಒಂದಕ್ಕೊಂದು ಸೇರದೆ ಹೋಗುತ್ತಿವೆಯಂತೆ. ಡೆನ್ಮಾರ್ಕ್, ಜರ್ಮನಿ, ಬ್ರಿಟನ್ನಿನಲ್ಲಿ ಮಾತ್ರ ಕಾರಿಗೆ ಮುಚ್ಚಿದ ಕಡೆಯೂ ಕಾಲಿಗೆ, ಸೈಕಲ್ಲಿಗೆ ದಾರಿ ಬಿಟ್ಟು ನಂಟು ಉಳಿಸಿಕೊಂಡಿದ್ದಾರೆ.

ಕೊಳ್ಳುವ ಮೊದಲು

ನೀವು ಸೈಟನ್ನೋ ಮನೆಯನ್ನೋ ನೋಡುತ್ತಿದ್ದರೆ ದಲ್ಲಾಳಿ ಕಾರಿನಲ್ಲಿ ಕರೆದುಕೊಂಡು ಹೋಗಿ ತೋರಿಸಿದ್ದನ್ನು ನೋಡಿ ಬಂದುಬಿಡಬೇಡಿ. ಮಂಜೂರಾದ ಬಡಾವಣೆ ನಕ್ಷೆಯ ಪ್ರತಿ ಕೇಳಿ. ನಕ್ಷೆ ಓದಲು ಇಂಜಿನಿಯರಿಂಗ್ ಬೇಕಾಗಿಲ್ಲ, ಕಸೂತಿಯ ನಮೂನೆ ಓದಿದವರಿಗೆ ಇದೇನು ಮಹಾ. ಪ್ರತಿಯೊಂದು ರಸ್ತೆಯ ಮೇಲೂ ಬೆರಳಿಟ್ಟು ತುದಿಯವರೆಗೆ ಹೋಗಿ. ಗೆರೆ ಗಡಿಯನ್ನು ಮುಟ್ಟಿದೆಯೋ, ಅಥವಾ ಯಾವುದಾದರೂ ಸೈಟಿಗೆ ಬಡಿದು ನಿಂತಿದೆಯೋ? ಗಡಿ ಮುಟ್ಟಿದ್ದರೆ ಆಚೆ ಕಡೆ ಏನಿದೆ ಅಂತ ಹೋಗಿ ನೋಡಿ. ಹೊಲವಿದ್ದರೆ ಒಳ್ಳೆಯದು, ಮುಂದೆ ರಸ್ತೆ ಸೇರಲು ಆಸೆಯಿದೆ. ನಾಲೆ ಅಥವಾ ಹಳ್ಳ ಇದ್ದರೆ ಸೇತುವೆ ಎಲ್ಲಿದೆ ಅಂತ ಕೇಳಿ. "ಮುಂದೆ ಅರವತ್ತಡಿ ಮಾಸ್ಟರ್ ಪ್ಲಾನ್ ರೋಡು ಬರ್ತದೆ ಮೇಡಂ" ಅಂದರೆ ನಗುತ್ತಾ ಕೇಳಿಸಿಕೊಳ್ಳಿ, ಆ ದಾರಿ ಇದ್ದ ಹಾಗೆ ಲೆಕ್ಕ ಹಿಡಿಯಬೇಡಿ. ರಿಂಗ್ ರೋಡು ಹತ್ತಿರ ಅನ್ನುವುದೂ ಅಷ್ಟೇ. ಅದು ಲಾರಿಗೆ, ಕಾರಿಗೆ ಅನುಕೂಲ. ಮಗುವಿನ ಕೈ ಹಿಡಿದು ದಾಟಬೇಕಾದವರಿಗೆ ಅದೂ ಒಂದು ಗೋಡೆಯೇ.

ಹಳೆಯ ಗ್ರಾಮ ನಕಾಶೆಯನ್ನೂ ನೋಡಬೇಕು. ಅದರಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕೆ ಗೆರೆಗಳಲ್ಲಿ ಗುರುತು ಮಾಡಿರುತ್ತಾರೆ. ರೈತರು ತಲೆಮಾರುಗಳಿಂದ ಓಡಾಡಿದ ಆ ದಾರಿಗಳೇ ಎರಡು ಬಡಾವಣೆಗಳನ್ನು ಹೊಲಿಯಬಲ್ಲ ದಾರ. ಎಷ್ಟೋ ಕಡೆ ಅವನ್ನು ಮೆಲ್ಲಗೆ ನುಂಗಿ ಸೈಟು ಮಾಡಿರುತ್ತಾರೆ. ನಕಾಶೆಯಲ್ಲಿದ್ದ ದಾರಿ ನೆಲದ ಮೇಲೆ ಇಲ್ಲದಿದ್ದರೆ ಅಲ್ಲಿ ಸೈಟು ಕೊಳ್ಳುವವರಿಗೆ ಮುಂದೆ ತಕರಾರು ಕಾದಿದೆ ಅಂತಲೂ ತಿಳಿಯಿರಿ. ಮನೆಯ ಹುಡುಗರ ಕೈಯಲ್ಲಿ ಮೊಬೈಲ್ ಇದ್ದರೆ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರು ನೋಡಬಹುದು. ನಕಾಶೆ ಹೊಂದಿಸಿಕೊಳ್ಳಲು ಅದು ಸಹಾಯ.

ಎಲ್ಲಕ್ಕಿಂತ ಸುಲಭದ ಪರೀಕ್ಷೆ ಒಂದಿದೆ. ಸಂಜೆ ಆರು ಗಂಟೆಗೆ ಆ ಸೈಟಿನಿಂದ ಹಾಲಿನ ಬೂತಿಗೆ, ಬಸ್ ಸ್ಟಾಪಿಗೆ, ಶಾಲೆಗೆ ನೀವೇ ನಡೆದು ನೋಡಿ. ಸಾಧ್ಯವಾದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಕೈಗಡಿಯಾರ ನೋಡಿಕೊಳ್ಳಿ. 150 ಮೀಟರಿಗೆ ಎರಡು ನಿಮಿಷ ಸಾಕು, ಅದೇ ಜಾಗಕ್ಕೆ ಕಾಲು ಗಂಟೆ ಹಿಡಿದರೆ ಆ ಸೈಟಿನ ಬೆಲೆಯಲ್ಲಿ ನಿಮ್ಮ ದಿನದ ಗಂಟೆಗಳನ್ನೂ ಸೇರಿಸಿ ಚೌಕಾಸಿ ಮಾಡಿ.

ಈಗಾಗಲೇ ಮನೆ ಕಟ್ಟಿ ಕೂತವರು?

ನಮ್ಮಂತೆ ಗೋಡೆಯ ಮಗ್ಗುಲಲ್ಲೇ ಇರುವವರು ಒಂದು ವಿಷಯ ತಿಳಿದಿರಬೇಕು. ಮಂಜೂರಾದ ಬಡಾವಣೆಯಲ್ಲಿ ರಸ್ತೆ, ಉದ್ಯಾನಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟ ಮೇಲೆ ಆ ರಸ್ತೆ ಬಡಾವಣೆಯವರ ಸ್ವಂತದ್ದಲ್ಲ, ಎಲ್ಲರದು. ಅದರ ಅಡ್ಡಕ್ಕೆ ಗೋಡೆ ಎಬ್ಬಿಸಲು ನಾಲ್ಕು ಜನ ಸೇರಿ ಚಂದಾ ಎತ್ತಿದರೆ ಸಾಲದು. ಊರಿನ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್, ತಯಾರಾದಾಗಲೂ ಸಾರ್ವಜನಿಕರ ಆಕ್ಷೇಪಣೆ, ಸಲಹೆ ಕೇಳಿ ಪ್ರಕಟಣೆ ಕೊಡಬೇಕೆಂದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೇ ಇದೆ. ಆ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ, ನಾವು ಅದರ ಮೇಲೆ ಸೊಪ್ಪು ಬಿಡಿಸುತ್ತೇವೆ! ಇನ್ನು ಮೇಲೆ ಬಿಡಿಸುವ ಮೊದಲು ಒಮ್ಮೆ ಓದಿ.

ನಮ್ಮ ಬೀದಿಯಲ್ಲಿ ಗೋಡೆ ಪೂರಾ ಒಡೆಯಲಿ ಅಂತ ನಾವು ಕೇಳಲಿಲ್ಲ. ಕೇಳಿದ್ದರೆ ಜಗಳವೇ ಆಗುತ್ತಿತ್ತು. ನನ್ನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ತೋಟದ ಬೇಲಿಗೆ ತಡಬೆ ಅಂತ ಇರುತ್ತದೆ, ಮನುಷ್ಯರು ದಾಟಬಹುದು, ದನ ದಾಟಲಾರದು. ಅದನ್ನೇ ಸಭೆಯಲ್ಲಿ ಹೇಳಿದೆ. ಸರ ಕಳೆದುಕೊಂಡ ಹಿರಿಯರು ಮೊದಲು ಒಪ್ಪಲಿಲ್ಲ. "ನಿಮ್ಮದು ಹೋಗಿದ್ರೆ ಗೊತ್ತಾಗ್ತಿತ್ತು ಕಣಮ್ಮ" ಅಂದರು. ಸುಮ್ಮನೆ ಕೇಳಿಸಿಕೊಂಡೆವು. ಅಂಗನವಾಡಿಯ ಟೀಚರು ಮಕ್ಕಳ ಹಾಜರಿ ಪುಸ್ತಕ ತಂದು ಗೋಡೆ ಎದ್ದ ಮೇಲೆ ನಮ್ಮ ಬೀದಿಯ ಎಷ್ಟು ಮಕ್ಕಳು ಬರುವುದು ನಿಲ್ಲಿಸಿದರು ಅಂತ ತೋರಿಸಿದಾಗ ಆ ಹಿರಿಯರೇ, "ಹಾಗಾದ್ರೆ ಬೈಕ್ ಹೋಗದ ಹಾಗೆ ಮಾಡಿ, ದೀಪಾನೂ ಹಾಕ್ಸಿ" ಅಂದರು.

ಈಗ ಗೋಡೆಯಲ್ಲಿ ಒಂದು ಬಾಗಿಲಗಲದ ಕಿಂಡಿಯಿದೆ. ಅದರ ನಡುವೆ ಎರಡು ಕಲ್ಲುಕಂಬ ನೆಟ್ಟಿದ್ದೇವೆ. ಬೈಕಿನ ಹ್ಯಾಂಡಲ್ಲು ನುಗ್ಗುವುದಿಲ್ಲ, ಶಾಲೆಯ ಬ್ಯಾಗು ಹೊತ್ತ ಮಗು ನುಗ್ಗುತ್ತದೆ. ಆದರೆ ಗಾಲಿಕುರ್ಚಿ ಹಿಡಿಸುವುದಿಲ್ಲ, ಮೂಲೆಮನೆಯ ಅಜ್ಜಿ ಅದನ್ನು ನೆನಪಿಸುತ್ತಲೇ ಇರುತ್ತಾರೆ. ಕಂಬವನ್ನು ಸ್ವಲ್ಪ ಸರಿಸಿ, ಅಡ್ಡಕ್ಕೊಂದು ಕಬ್ಬಿಣದ ಬೇಲಿ ಕೊಟ್ಟು ತಿರುವು ಮಾಡಬಹುದೇ ಅಂತ ನೋಡುತ್ತಿದ್ದೇವೆ. ಪಾತ್ರೆ ತೊಳೆಯುವ ಹೆಣ್ಣುಮಗಳು ಬಿಟ್ಟ ಮನೆಗೆ ಅಷ್ಟರಲ್ಲಿ ಬೇರೆಯವರು ಬಂದಾಗಿತ್ತು, ಈಗ ನಮ್ಮ ಎದುರು ಮನೆಗೆ ಬರುತ್ತಾಳೆ. ದೀಪಕ್ಕೆ ಅರ್ಜಿ ಕೊಟ್ಟಿದ್ದೇವೆ, ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಕಿಂಡಿಯ ಪಕ್ಕದ ಮನೆಯವರು ತಮ್ಮ ಹಿತ್ತಲಿನ ಬಲ್ಬನ್ನು ರಾತ್ರಿ ಹತ್ತರವರೆಗೆ ಉರಿಸುತ್ತಾರೆ, ಕರೆಂಟು ಬಿಲ್ಲಿಗೆ ಬೀದಿಯ ಮನೆಗಳವರು ತಿಂಗಳಿಗೆ ಹತ್ತು ಹತ್ತು ರೂಪಾಯಿ ಕೊಡುತ್ತೇವೆ.